ಸೋರುತ್ತಿದೆಯೋ, ಬೆವರುತ್ತಿದೆಯೋ? ಕನ್ಸರ್ವೇಟರಿಯ ನೀರಿನ ಮೂಲ ಹುಡುಕುವ ಕೈಪಿಡಿ

ಇಂಗ್ಲೆಂಡಿನಲ್ಲಿ ಈ ಮನೆ ಕೊಂಡಾಗ ನಮಗೆ ಮೊದಲು ಹಿಡಿಸಿದ್ದೇ ಹಿಂಭಾಗದ ಗಾಜಿನ ಕೋಣೆ. ಅಡುಗೆಮನೆ ಬಾಗಿಲು ತೆಗೆದರೆ ಕನ್ಸರ್ವೇಟರಿ, ಅದರಾಚೆ ತೋಟ. ಹೀಟರ್ ಇಲ್ಲ. ನಾವು ನೋಡಿದ್ದು ಜೂನ್ ತಿಂಗಳಲ್ಲಿ, ಒಳಗೆಲ್ಲ ಬಿಸಿಲು ತುಂಬಿತ್ತು, ಹೂಂ ಅಂದುಬಿಟ್ಟೆವು. ನವೆಂಬರಿನ ಒಂದು ಬೆಳಿಗ್ಗೆ ಕಾಫಿ ಲೋಟ ಹಿಡಿದು ಒಳಗೆ ಕಾಲಿಟ್ಟರೆ ಕಾಲುಚೀಲ ಒದ್ದೆ. ತಲೆ ಎತ್ತಿ ನೋಡಿದರೆ ಚಾವಣಿಯ ಪಟ್ಟಿಗಳಿಂದ ನೀರು ತೊಟ್ಟಿಕ್ಕುತ್ತಿದೆ.

ನೋಡಲು ಬಂದ ಒಬ್ಬರು ಚಾವಣಿಯನ್ನೇ ಬದಲಾಯಿಸಬೇಕು ಅಂದರು. ಇನ್ನೊಬ್ಬರು ಗಾಜಿನ ಸೀಲ್ ಹೋಗಿದೆ ಅಂದರು. ಪಕ್ಕದ ಮನೆಯ ಅಜ್ಜ ಮಾತ್ರ ಬೇಲಿಯಾಚೆಯಿಂದ "ನಿನ್ನೆ ರಾತ್ರಿ ಮಳೆ ಬಂದಿತ್ತಾ?" ಅಂತ ಕೇಳಿದರು. ಬಂದಿರಲಿಲ್ಲ. ಆ ಪ್ರಶ್ನೆ ನನಗೆ ಹೊಳೆಯುವ ಮುಂಚೆಯೇ ನಾನು ಸಂದು ತುಂಬುವ ಅಂಟು, ಸಿಲಿಕೋನ್, ಎರಡು ಟ್ಯೂಬ್ ಮುಗಿಸಿದ್ದೆ. ಅದು ಮಾಡಿದ ಅನಾಹುತವನ್ನು ಆಮೇಲೆ ಹೇಳುತ್ತೇನೆ.

ಶುರು ಮಾಡುವ ಮುಂಚೆ ಎರಡು ಮಾತು. ನೀರು ಪ್ಲಗ್ ಅಥವಾ ದೀಪದ ಹತ್ತಿರ ಬೀಳುತ್ತಿದ್ದರೆ ಆ ಕೋಣೆಯ ಕರೆಂಟನ್ನು ಮೇನ್‌ನಲ್ಲೇ ಆಫ್ ಮಾಡಿ. ಮತ್ತೆ, ಏನೇ ಆದರೂ ಚಾವಣಿ ಮೇಲೆ ಹತ್ತಬೇಡಿ. ಗಾಜಾಗಲಿ ಪ್ಲಾಸ್ಟಿಕ್ ಹಾಳೆಯಾಗಲಿ ಮನುಷ್ಯರ ಭಾರ ಹೊರುವುದಕ್ಕೆ ಮಾಡಿದ್ದಲ್ಲ.

ಮೊದಲು ಒಂದು ನೋಟ್‌ಬುಕ್

ಎರಡು ವಾರ ಏನನ್ನೂ ರಿಪೇರಿ ಮಾಡಬೇಡಿ. ಸುಮ್ನೆ ಬರೆದಿಡಿ: ರಾತ್ರಿ ಮಳೆ ಇತ್ತಾ, ಗಾಳಿ ಯಾವ ಕಡೆಯಿಂದ, ಬೆಳಿಗ್ಗೆ ಹೊರಗೆ ಎಷ್ಟು ಡಿಗ್ರಿ, ಒಳಗೆ ಎಷ್ಟು, ನೀರು ಎಲ್ಲಿ ಕಂಡಿತು. ಎರಡು ವಾರ ಯಾಕೆ ಅಂದರೆ ಸೋರಿಕೆ ತಡವಾಗಿ ಕಾಣಿಸಿಕೊಳ್ಳುತ್ತದೆ. ಶನಿವಾರದ ಮಳೆ ಚಾವಣಿಯ ಹಾಳೆಯೊಳಗೋ ಗೋಡೆಯೊಳಗೋ ಕೂತು ಭಾನುವಾರ ಮಧ್ಯಾಹ್ನ ಬಿಸಿಲಿರುವಾಗ ಇಳಿಯಬಹುದು. ಒಂದೆರಡು ದಿನ ನೋಡಿದರೆ ಲೆಕ್ಕ ತಪ್ಪುತ್ತದೆ.

ಮೋಡವಿಲ್ಲದ, ಗಾಳಿಯಿಲ್ಲದ, ಚಳಿ ಕೊರೆಯುವ ರಾತ್ರಿಯ ಮರುದಿನ ಎಲ್ಲ ಗಾಜಿನ ಮೇಲೂ ನೀರಿದ್ದರೆ ಅದು ಬೆವರು, ಅಂದರೆ ಒಳಗಿನ ಗಾಳಿಯ ತೇವ ತಣ್ಣನೆಯ ಗಾಜಿನ ಮೇಲೆ ನೀರಾಗಿ ಕೂತದ್ದು. ಗಾಳಿ ಮಳೆಯ ನಂತರ ಒಂದೇ ಜಾಗದಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ ನೀರಿದ್ದರೆ ಸೋರಿಕೆ. ನಮ್ಮ ಮನೆಯಲ್ಲಿ ಎರಡೂ ಇತ್ತು. ಹಾಗಾಗಿಯೇ ಬಂದವರೆಲ್ಲ ಒಂದೊಂದು ಹೇಳಿದ್ದು.

ತೇವ ಅಳೆಯಲು ಒಂದು ಹೈಗ್ರೋಮೀಟರ್ ತಗೊಳ್ಳಿ. ಅಗ್ಗದವು ಸುಳ್ಳು ಹೇಳುತ್ತವೆ, ಆದರೆ ಎಷ್ಟು ಸುಳ್ಳು ಅಂತ ಮನೆಯಲ್ಲೇ ಕಂಡುಹಿಡಿಯಬಹುದು. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಕೆಲವೇ ಹನಿ ನೀರು ಬಿಡಿ. ಅದನ್ನೂ ಮೀಟರನ್ನೂ ಒಂದು ಜಿಪ್ ಚೀಲದಲ್ಲಿಟ್ಟು ಮುಚ್ಚಿ, ಬೆಚ್ಚಗಿನ ಕೋಣೆಯಲ್ಲಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಅದು ಶೇಕಡಾ 75 ತೋರಿಸಬೇಕು. ನನ್ನದು 68 ತೋರಿಸಿತು. ಅಂದಿನಿಂದ ಏಳು ಸೇರಿಸಿ ಓದುತ್ತೇನೆ.

ನೀರು ಗಾಜಿನ ಯಾವ ಮೈ ಮೇಲಿದೆ?

ಬೆರಳಿನಿಂದ ಒರೆಸಿ ನೋಡಿ. ಒಳಗಿನಿಂದ ಒರೆಸಿದಾಗ ಹೋದರೆ ಬೆವರು. ಹೊರಗಿನಿಂದ ಒರೆಸಿದಾಗ ಹೋದರೆ ಖುಷಿಪಡಿ: ನಿಮ್ಮ ಗಾಜು ಚೆನ್ನಾಗಿದೆ, ಒಳಗಿನ ಶಾಖವನ್ನು ಹೊರಗೆ ಬಿಡುತ್ತಿಲ್ಲ, ಅದಕ್ಕೇ ಹೊರಮೈ ತಣ್ಣಗಾಗಿ ಇಬ್ಬನಿ ಕೂತಿದೆ. ಶರತ್ಕಾಲದ ಬೆಳಿಗ್ಗೆ ಇದು ಮಾಮೂಲಿ. ಬಿಸಿಲು ಬಂದರೆ ಹೋಗುತ್ತದೆ.

ಎರಡೂ ಕಡೆಯಿಂದ ಒರೆಸಿದರೂ ಹೋಗದಿದ್ದರೆ ಮಂಜು ಎರಡು ಗಾಜಿನ ನಡುವೆ ಇದೆ. ಡಬಲ್ ಗ್ಲೇಜಿಂಗ್‌ನ ಅಂಚಿನ ಪಟ್ಟಿಯೊಳಗೆ ತೇವ ಹೀರುವ ಕಾಳುಗಳಿರುತ್ತವೆ. ಅಂಚಿನ ಸೀಲ್ ಹೋದಾಗ ಹೊರಗಿನ ತೇವ ಒಳನುಗ್ಗಿ ಕಾಳುಗಳು ತುಂಬಿಹೋಗುತ್ತವೆ. ಆಮೇಲೆ ಅದು ಸರಿಹೋಗುವುದಿಲ್ಲ. ಗಾಜಿನ ಜೋಡಿಯನ್ನು ಬದಲಾಯಿಸಬೇಕು, ಚೌಕಟ್ಟು ಹಾಗೇ ಇರಲಿ. ಚೌಕಟ್ಟು ಸಮೇತ ಬದಲಾಯಿಸಲೇಬೇಕು ಅನ್ನುವವರು ಯಾಕೆ ಅಂತ ಬಾಯಿಬಿಟ್ಟು ಹೇಳಲಿ. ಮಂಜಾದ ಗಾಜು ನೆಲಕ್ಕೆ ನೀರು ಸುರಿಸುವುದಿಲ್ಲ ಅನ್ನುವುದೂ ನೆನಪಿರಲಿ. ನಮ್ಮಲ್ಲಿ ಅಂಥದ್ದು ಒಂದೇ ಇತ್ತು, ನೆಲದ ನೀರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಬೆವರು ಎಲ್ಲಿಂದ ಬರುತ್ತದೆ

ನಾನು ತುಂಬಾ ದಿನ ಒದ್ದಾಡಿದ ಭಾಗ ಇದು. ಕೊನೆಗೆ ಕಳ್ಳ ಸಿಕ್ಕಿದ್ದು ಅಡುಗೆಮನೆಯಲ್ಲಿ.

ಬೆಚ್ಚಗಿನ ಗಾಳಿ ಜಾಸ್ತಿ ನೀರು ಹೊರುತ್ತದೆ, ತಣ್ಣಗಿನ ಗಾಳಿ ಕಡಿಮೆ. 20 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 17 ಗ್ರಾಂ ನೀರಿನ ಆವಿ ಹೊತ್ತುಕೊಳ್ಳಬಲ್ಲದು. 5 ಡಿಗ್ರಿಗೆ ಇಳಿದರೆ ಸುಮಾರು 7 ಗ್ರಾಂ ಅಷ್ಟೇ. ಮನೆಯೊಳಗೆ 20 ಡಿಗ್ರಿ, ತೇವ ಶೇಕಡಾ 60 ಇದ್ದರೆ ಗಾಳಿಯಲ್ಲಿ 10 ಗ್ರಾಂ ಮೇಲಿರುತ್ತದೆ. ಆ ಗಾಳಿ 12 ಡಿಗ್ರಿಗಿಂತ ತಣ್ಣಗಿರುವ ಯಾವುದನ್ನು ಮುಟ್ಟಿದರೂ ನೀರು ಬಿಡುತ್ತದೆ. ಚಳಿಗಾಲದ ರಾತ್ರಿ ಹೀಟರ್ ಇಲ್ಲದ ಕನ್ಸರ್ವೇಟರಿಯಲ್ಲಿ 12 ಡಿಗ್ರಿಗಿಂತ ಬೆಚ್ಚಗಿರುವುದು ಏನೂ ಇರುವುದಿಲ್ಲ.

ಲೆಕ್ಕ ಹಾಕಿ. ನಮ್ಮ ಕೋಣೆ 12 ಚದರ ಮೀಟರ್, ಎತ್ತರ ಸುಮಾರು ಎರಡೂವರೆ ಮೀಟರ್, ಅಂದರೆ 30 ಘನ ಮೀಟರ್ ಗಾಳಿ. ಮನೆಯ ಗಾಳಿ ಒಂದು ಸಲ ಪೂರ್ತಿ ಅಲ್ಲಿಗೆ ಹೋಗಿ 5 ಡಿಗ್ರಿಗೆ ತಣ್ಣಗಾದರೆ ಸುಮಾರು 100 ಮಿಲಿಲೀಟರ್ ನೀರು ಗಾಜಿಗೆ ಅಂಟುತ್ತದೆ. ಕಾಫಿ ಲೋಟದಷ್ಟು. ಬಾಗಿಲು ಸಂಜೆಯಿಡೀ ತೆರೆದೇ ಇದ್ದರೆ ಗಾಳಿ ಒಂದು ಸಲ ಹೋಗಿ ನಿಲ್ಲುತ್ತದಾ? ಲೋಟಗಳು ಸೇರಿ ಬಿಂದಿಗೆಯಾಗುತ್ತವೆ.

ಆ ನವೆಂಬರಿನಲ್ಲಿ ಅಮ್ಮ ಊರಿಂದ ಬಂದಿದ್ದರು. ದಿನಾ ಸಂಜೆ ಕುಕ್ಕರ್ ನಾಲ್ಕು ಸೀಟಿ, ಪಕ್ಕದಲ್ಲಿ ಸಾರು ಕುದಿಯುತ್ತಿತ್ತು. ಹೊಗೆ ಹೋಗಲಿ ಅಂತ ಕನ್ಸರ್ವೇಟರಿ ಬಾಗಿಲು ತೆರೆದಿಡುತ್ತಿದ್ದರು. ನಾನೇನು ಕಡಿಮೆಯಿಲ್ಲ. ಒಗೆದ ಬಟ್ಟೆಯ ಸ್ಟ್ಯಾಂಡನ್ನು ಅಲ್ಲೇ ಇಟ್ಟಿದ್ದೆ. ಒಂದು ಮೆಷಿನ್ ಬಟ್ಟೆ ಒಣಗುವಾಗ ಸುಮಾರು ಎರಡು ಲೀಟರ್ ನೀರು ಗಾಳಿಗೆ ಬಿಡುತ್ತದೆ. ಒಣಗಿದ್ದು ಬಟ್ಟೆ, ನೆನೆದದ್ದು ಚಾವಣಿ.

ಪರೀಕ್ಷೆ ಸುಲಭ. ಮೂರು ರಾತ್ರಿ ಮಧ್ಯದ ಬಾಗಿಲು ಭದ್ರವಾಗಿ ಮುಚ್ಚಿ, ಬಟ್ಟೆ ಎತ್ತಿ, ಗಿಡಗಳಿಗೆ ನೀರು ನಿಲ್ಲಿಸಿ. ನಮ್ಮಲ್ಲಿ ಮೂರನೇ ಬೆಳಿಗ್ಗೆ ಗಾಜಿನ ಕೆಳ ಅಂಚಿನಲ್ಲಿ ಮಾತ್ರ ತೆಳುವಾದ ಮಂಜಿತ್ತು.

ಅಂದಹಾಗೆ, ಆ ಮಧ್ಯದ ಬಾಗಿಲನ್ನು ತೆಗೆಸಿ "ಓಪನ್ ಪ್ಲಾನ್" ಮಾಡುವ ಆಸೆ ನನಗೂ ಬಂದಿತ್ತು. ಇಂಗ್ಲೆಂಡಿನಲ್ಲಿ 30 ಚದರ ಮೀಟರಿಗಿಂತ ಚಿಕ್ಕದಾದ, ನೆಲಮಟ್ಟದ ಕನ್ಸರ್ವೇಟರಿಗೆ ಕಟ್ಟಡ ನಿಯಮಗಳಿಂದ ಸಾಮಾನ್ಯವಾಗಿ ವಿನಾಯಿತಿ ಇದೆ. ಆದರೆ ಮನೆಗೂ ಅದಕ್ಕೂ ನಡುವೆ ಹೊರಬಾಗಿಲಿನ ಗುಣಮಟ್ಟದ ಬಾಗಿಲು ಇರಲೇಬೇಕು. ಅದನ್ನು ಕಿತ್ತರೆ ವಿನಾಯಿತಿಯೂ ಹೋಗುತ್ತದೆ, ಮನೆಯ ಶಾಖವೂ ಹೋಗುತ್ತದೆ.

ಬಾಗಿಲು ಮುಚ್ಚಿದ ಮೇಲೂ ಬೆವರಿದರೆ ನೆಲ ನೋಡಿ. ಅರ್ಧ ಮೀಟರ್ ಅಗಲದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಬರಿ ನೆಲದ ಮೇಲೆ ಹಾಸಿ ನಾಲ್ಕೂ ಅಂಚಿಗೆ ಟೇಪ್ ಹಚ್ಚಿ, ಎರಡು ದಿನ ಬಿಡಿ. ಹಾಳೆಯ ಕೆಳಗೆ ನೀರಿದ್ದರೆ ತೇವ ನೆಲದಿಂದ ಏಳುತ್ತಿದೆ. ಮೇಲೆ ಇದ್ದರೆ ಗಾಳಿಯದ್ದು.

ಇನ್ನು ಕಿಟಕಿ. "ಹೊರಗೆ ಜಡಿಮಳೆ, ಕಿಟಕಿ ತೆಗೆದರೆ ಇನ್ನೂ ತೇವ ಬರಲ್ವಾ?" ಅಂತ ಅಮ್ಮ ಕೇಳಿದರು. ಬರಲ್ಲ. 5 ಡಿಗ್ರಿಯ ಗಾಳಿ ಶೇಕಡಾ 90 ತೇವವಾಗಿದ್ದರೂ ಅದರಲ್ಲಿರುವುದು ಆರು ಗ್ರಾಂ ಚಿಲ್ಲರೆ. ಅದೇ ಗಾಳಿ ಮಧ್ಯಾಹ್ನ ಒಳಗೆ 12 ಡಿಗ್ರಿಗೆ ಏರಿದರೆ ತೇವ ಶೇಕಡಾ 60ಕ್ಕಿಂತ ಕೆಳಗಿಳಿಯುತ್ತದೆ. ಡಿಸೆಂಬರಿನಲ್ಲೂ ದಿನಕ್ಕೆ ಒಂದು ಗಂಟೆ ಮೇಲಿನ ವೆಂಟ್, ಅಂದರೆ ಗಾಳಿಕಿಂಡಿ, ತೆಗೆಯಿರಿ. ಚಾವಣಿಗೆ ತೆರೆಯುವ ವೆಂಟ್ ಇಲ್ಲದಿದ್ದರೆ ಎದುರುಬದುರಾಗಿ ಎರಡು ಕಿಟಕಿ ಸಾಕು.

ಗಾಳಿಯ ತೇವ ತೆಗೆಯುವ ಯಂತ್ರ, ಡಿಹ್ಯೂಮಿಡಿಫೈಯರ್, ತಗೊಳ್ಳುವುದೇ ಆದರೆ ಕಂಪ್ರೆಸರ್ ಇರುವುದು ಬೇಡ. ಫ್ರಿಜ್‌ನಂತೆ ಕೆಲಸ ಮಾಡುವ ಅದರ ಸುರುಳಿ ಚಳಿಯಲ್ಲಿ ಹಿಮಗಟ್ಟಿ, ನೀರು ಹಿಡಿಯುವ ಬದಲು ಹಿಮ ಕರಗಿಸುವುದರಲ್ಲೇ ಹೊತ್ತು ಕಳೆಯುತ್ತದೆ. ತೇವ ಹೀರುವ ಚಕ್ರ ಇರುವ ಡೆಸಿಕೆಂಟ್ ಬಗೆ ಚಳಿಯಲ್ಲೂ ಓಡುತ್ತದೆ, ಕರೆಂಟ್ ಮಾತ್ರ ಜಾಸ್ತಿ ತಿನ್ನುತ್ತದೆ. ಅಂಗಡಿಯಲ್ಲಿ ಸಿಗುವ ಹರಳು ತುಂಬಿದ ಡಬ್ಬಿಗಳು ಬೀರುವಿಗೆ ಸರಿ, ಇಷ್ಟು ದೊಡ್ಡ ಕೋಣೆಗೆ ಏನೇನೂ ಸಾಲವು.

ಈ ಬೆವರು ಹೊಸ ತಲೆನೋವೇನಲ್ಲ. 1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಎಂಬ ದೊಡ್ಡ ಗಾಜಿನ ಕಟ್ಟಡ ಎದ್ದಾಗ ಅದರ ವಿನ್ಯಾಸಕಾರ ಜೋಸೆಫ್ ಪ್ಯಾಕ್ಸ್‌ಟನ್ ಅದರ ಚಾವಣಿಯ ನೀರು ಹರಿಯುವ ಮರದ ಗಟರನ್ನು ಮೂರು ಕಾಲುವೆ ಇರುವಂತೆ ಕೊರೆಸಿದ. ಮೇಲಿನ ದೊಡ್ಡ ಕಾಲುವೆ ಮಳೆನೀರಿಗೆ, ಪಕ್ಕದ ಎರಡು ಸಣ್ಣವು ಒಳಗಿನ ಗಾಜಿನಿಂದ ಜಾರುವ ಬೆವರಿಗೆ. ಗಾಜಿನ ಮನೆ ಬೆವರಿಯೇ ಬೆವರುತ್ತದೆ ಅಂತ ಒಪ್ಪಿಕೊಂಡೇ ಆತ ಕಟ್ಟಿದ. ಅದೇ ಕ್ರಿಸ್ಟಲ್ ಪ್ಯಾಲೇಸನ್ನು ನೋಡಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆ ಮಾಡಿದರು, ಅಡಿಗಲ್ಲು ಬಿದ್ದದ್ದು 1889ರಲ್ಲಿ. ಚಿಕ್ಕಂದಿನಲ್ಲಿ ಫಲಪುಷ್ಪ ಪ್ರದರ್ಶನಕ್ಕೆ ಹೋದಾಗ ನಾನು ತಲೆಯೆತ್ತಿ ಗಟರ್ ನೋಡಿದವನಲ್ಲ. ಈಗ ಹೋದರೆ ಮೊದಲು ಅದನ್ನೇ ನೋಡುತ್ತೇನೆ.

ನಿಜವಾದ ಸೋರಿಕೆ

ಬೆವರು ನಿಂತ ಮೇಲೆ ಉಳಿದದ್ದು ಮನೆಗೋಡೆಗೆ ಚಾವಣಿ ಸೇರುವ ಮೂಲೆಯ ನೀರು. ಗಾಳಿ ಮಳೆಗೆ ಮಾತ್ರ ಬರುತ್ತಿತ್ತು.

ಹುಡುಕಲು ತೋಟದ ಪೈಪ್ ಸಾಕು, ಇಬ್ಬರು ಬೇಕು. ಒಬ್ಬರು ಒಳಗೆ ಟಾರ್ಚ್ ಹಿಡಿದು ನಿಲ್ಲಬೇಕು. ಇನ್ನೊಬ್ಬರು ಹೊರಗೆ ಒಣಗಿದ ದಿನದಲ್ಲಿ ನೀರು ಬಿಡಬೇಕು, ಜೋರಾಗಿ ಚಿಮ್ಮಿಸದೆ, ಮಳೆ ಬಿದ್ದಂತೆ. ಕೆಳಗಿನಿಂದ ಶುರು ಮಾಡಿ: ಮೊದಲು ಕೆಳಗಿನ ಚೌಕಟ್ಟು, ಆಮೇಲೆ ಗಾಜಿನ ಅಂಚು, ಗಟರ್, ಚಾವಣಿ ಪಟ್ಟಿ, ಕೊನೆಗೆ ಮನೆಗೋಡೆಯ ಸೇರುವೆ. ಒಂದೊಂದಕ್ಕೂ ಹತ್ತು ನಿಮಿಷ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲದರ ಮೇಲೂ ಹರಿದು ಯಾವುದು ತೂತು ಅಂತ ತಿಳಿಯುವುದೇ ಇಲ್ಲ.

ನನ್ನ ಮೊದಲ ಸೋರಿಕೆ ಕೆಳಗಿನ ಚೌಕಟ್ಟಿನಲ್ಲೇ ಸಿಕ್ಕಿತು, ಅದನ್ನು ಮಾಡಿದವನೂ ನಾನೇ. ಪಿವಿಸಿ ಚೌಕಟ್ಟಿನ ಹೊರಗೆ ಕೆಳಭಾಗದಲ್ಲಿ ಸಣ್ಣ ಸೀಳುಗಳಿರುತ್ತವೆ. ರಬ್ಬರ್ ದಾಟಿ ಒಳಹೋದ ಮಳೆನೀರು ಮತ್ತೆ ಹೊರಗೆ ಹರಿಯುವ ದಾರಿ ಅದು. ನಾನು ಅವನ್ನು ತೂತು ಅಂದುಕೊಂಡು ಒಂದೂ ಬಿಡದೆ ಸಿಲಿಕೋನ್ ತುಂಬಿದ್ದೆ. ಹೊರಹೋಗಲಾರದ ನೀರು ಒಳಗಿನ ಕಿಟಕಿ ಹಲಗೆಯ ಮೇಲೆ ಉಕ್ಕಿತು. ಇಕ್ಕಳದಲ್ಲಿ ಕೆರೆದು ತೆಗೆಯುವುದಕ್ಕೆ ಒಂದು ಇಡೀ ಶನಿವಾರ ಹೋಯಿತು. ನಿಮ್ಮಲ್ಲೂ ಕಿಟಕಿ ಹಲಗೆ ಒದ್ದೆಯಾಗುತ್ತಿದ್ದರೆ ಆ ಸೀಳುಗಳಲ್ಲಿ ಮಣ್ಣು, ಪಾಚಿ, ಜೇಡರ ಬಲೆ ಕಟ್ಟಿದೆಯಾ ನೋಡಿ. ತೆಳು ಕಡ್ಡಿ ಆಡಿಸಿ, ಚಮಚದಿಂದ ನೀರು ಬಿಟ್ಟರೆ ಸರಾಗವಾಗಿ ಹೊರಗೆ ಬರಬೇಕು.

ಗೋಡೆಯ ಸೇರುವೆಯಲ್ಲಿ ಸೀಸದ ತಗಡು ಇರುತ್ತದೆ, ಇಲ್ಲಿ ಲೆಡ್ ಫ್ಲಾಶಿಂಗ್ ಅನ್ನುತ್ತಾರೆ. ಇಟ್ಟಿಗೆ ಸಾಲಿನ ನಡುವಿನ ಗಾರೆಯಲ್ಲಿ ಸುಮಾರು 25 ಮಿಲಿಮೀಟರ್ ಒಳಗೆ ಸಿಕ್ಕಿಸಿ ಚಾವಣಿ ಮೇಲೆ ಮಡಚಿರುತ್ತಾರೆ. ಸೀಸ ಬಿಸಿಲಿಗೆ ಹಿಗ್ಗಿ ಚಳಿಗೆ ಕುಗ್ಗುವುದು ಜಾಸ್ತಿ. ಅದಕ್ಕೇ ಒಂದೂವರೆ ಮೀಟರಿಗಿಂತ ಉದ್ದದ ತುಂಡು ಹಾಕಬಾರದು. ಖರ್ಚು ಉಳಿಸಲು ಉದ್ದಕ್ಕೆ ಒಂದೇ ತುಂಡು ಎಳೆದಿದ್ದರೆ ನಡುವೆ ಸೀಳು ಬಿಟ್ಟಿರುತ್ತದೆ. ನಮ್ಮಲ್ಲಿ ಸೀಸ ಚೆನ್ನಾಗಿಯೇ ಇತ್ತು, ಗಾರೆ ಉದುರಿ ತಗಡು ಹೊರಗೆ ಜಾರಿತ್ತು. ಏಣಿ ಹಾಕಿಸಿ, ಮತ್ತೆ ಒಳಗೆ ಸಿಕ್ಕಿಸಿ, ಸಂದು ತುಂಬಿಸಿದೆವು. ಚಾವಣಿ ಬದಲಾಯಿಸುವ ಮಾತು ಅಲ್ಲಿಗೆ ನಿಂತಿತು.

ಫ್ಲಾಶಿಂಗ್ ಸರಿಯಿದ್ದೂ ಒಳಗಿನ ಇಟ್ಟಿಗೆ ಗೋಡೆ ಚಾವಣಿಯ ಕೆಳಗೆ ಒದ್ದೆಯಾಗುತ್ತಿದ್ದರೆ ಅದು ಬೇರೆ ರೋಗ. ಇಲ್ಲಿನ ಬಹಳ ಮನೆಗಳಿಗೆ ನಡುವೆ ಸಂದು ಬಿಟ್ಟ ಜೋಡಿ ಗೋಡೆ. ಹೊರಗೋಡೆ ಮಳೆಗೆ ನೆನೆಯುತ್ತದೆ, ಆ ನೀರು ಸಂದಿನೊಳಗೆ ಕೆಳಗಿಳಿಯುತ್ತದೆ. ಕನ್ಸರ್ವೇಟರಿ ಕಟ್ಟಿದ ದಿನದಿಂದ ಅದೇ ಹೊರಗೋಡೆಯ ಕೆಳಭಾಗ ನಿಮಗೆ ಒಳಗೋಡೆ. ನೀರನ್ನು ಚಾವಣಿಯ ಮೇಲೇ ಹೊರಗೆ ತಳ್ಳಲು ಸಂದಿನೊಳಗೆ ಒಂದು ತಟ್ಟೆಯಂಥ ಪಟ್ಟಿ, ಕ್ಯಾವಿಟಿ ಟ್ರೇ, ಕೂರಿಸಬೇಕಿತ್ತು. ಅದಿಲ್ಲದಿದ್ದರೆ ಎಷ್ಟು ಸಿಲಿಕೋನ್ ಬಳಿದರೂ ಪ್ರಯೋಜನವಿಲ್ಲ. ಇದು ಇಟ್ಟಿಗೆ ಕೆಲಸದವರ ಪಾಲು.

ಪಾಲಿಕಾರ್ಬನೇಟ್ ಅನ್ನುವ ಗಟ್ಟಿ ಪ್ಲಾಸ್ಟಿಕ್ ಹಾಳೆಯ ಚಾವಣಿಯಾದರೆ ಇನ್ನೊಂದು ನೋಡಿ. ಹಾಳೆಯ ಒಳಗೆ ಉದ್ದಕ್ಕೆ ಕೊಳವೆಗಳಿರುತ್ತವೆ. ಮೇಲ್ತುದಿಗೆ ಪೂರ್ತಿ ಮುಚ್ಚುವ ಅಲ್ಯೂಮಿನಿಯಂ ಟೇಪ್, ಕೆಳತುದಿಗೆ ನೀರು ಬಿಟ್ಟು ಹುಳ ತಡೆಯುವ ಉಸಿರಾಡುವ ಟೇಪ್ ಹಾಕಿರುತ್ತಾರೆ. ಕೊಳವೆಯೊಳಗೆ ಹಸಿರು ಪಾಚಿ, ಸತ್ತ ನೊಣ ಕಂಡರೆ ಟೇಪ್ ಹೋಗಿದೆ ಅಂತ ಅರ್ಥ. ಹಾಳೆ ಕೆಳಗೆ ಜಾರಿ ಮೇಲೆ ಸಂದು ಬಿಟ್ಟಿರುವುದೂ ಉಂಟು. ತೋಟದ ತುದಿಯಲ್ಲಿ ನಿಂತು ನೋಡಿದರೆ ಒಂದು ಹಾಳೆ ಉಳಿದವಕ್ಕಿಂತ ಮುಂದೆ ಚಾಚಿರುವುದು ಕಾಣುತ್ತದೆ.

ಟಕ್ ಟಕ್ ಸದ್ದು, ಅಂಟಿಕೊಂಡ ಬಾಗಿಲು

ಮೋಡ ಸರಿದು ಬಿಸಿಲು ಬಿದ್ದ ಕೂಡಲೇ ಚಾವಣಿ ಟಕ್ ಅನ್ನುತ್ತದೆ. ಹೆದರಬೇಡಿ. ಮೂರು ಮೀಟರ್ ಪಾಲಿಕಾರ್ಬನೇಟ್ ಹಾಳೆ 40 ಡಿಗ್ರಿ ಬಿಸಿಯೇರಿದರೆ ಸುಮಾರು 8 ಮಿಲಿಮೀಟರ್ ಉದ್ದವಾಗುತ್ತದೆ. ಅಷ್ಟೇ ಉದ್ದದ ಗಾಜು ಒಂದು ಮಿಲಿಮೀಟರ್ ಚಿಲ್ಲರೆ. ಹಾಳೆ ಪಟ್ಟಿಯೊಳಗೆ ಜಾರುವ ಸದ್ದು ಅದು.

ಬಾಗಿಲು ಜುಲೈ ಮಧ್ಯಾಹ್ನ ಮಾತ್ರ ಅಂಟಿಕೊಂಡು ರಾತ್ರಿ ಸರಿಹೋದರೆ ಅದೂ ಹಿಗ್ಗುವಿಕೆಯೇ, ಹಿಂಜ್‌ನ ತಿರುಪು ಸ್ವಲ್ಪ ತಿರುಗಿಸಿದರೆ ಸಾಕು. ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಾ, ಮನೆಗೋಡೆಗೂ ಕನ್ಸರ್ವೇಟರಿಗೂ ನಡುವೆ ಮೇಲೆ ಅಗಲ ಕೆಳಗೆ ಕಿರಿದಾದ ಬಿರುಕು ಕಂಡರೆ ತಳಪಾಯ ಕೂರುತ್ತಿದೆ. ಕನ್ಸರ್ವೇಟರಿಯ ತಳಪಾಯ ಸಾಮಾನ್ಯವಾಗಿ ಮನೆಯದಕ್ಕಿಂತ ಕಡಿಮೆ ಆಳದ್ದು. ಆಗ್ನೇಯ ಇಂಗ್ಲೆಂಡಿನ ಜೇಡಿಮಣ್ಣು ಒಣಗಿದಾಗ ಕುಗ್ಗುತ್ತದೆ. 2022ರ ಜುಲೈ 19ರಂದು ಲಿಂಕನ್‌ಶೈರಿನ ಕಾನಿಂಗ್ಸ್‌ಬಿಯಲ್ಲಿ 40.3 ಡಿಗ್ರಿ ದಾಖಲಾದ ವರ್ಷದಂಥ ಒಣ ಬೇಸಿಗೆಯ ನಂತರ ಇಂಥ ಬಿರುಕಿನ ಮೇಲೆ ಕಣ್ಣಿಡಿ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗುರುತು ಹಾಕಿ, ಅಂತರ ಅಳೆದು ತಾರೀಕು ಬರೆಯಿರಿ. ಹೆಚ್ಚುತ್ತಿದ್ದರೆ ಸ್ಟ್ರಕ್ಚರಲ್ ಎಂಜಿನಿಯರನ್ನು ಕರೆಸಿ.

ಬೇಸಿಗೆಯಲ್ಲಿ ಒಲೆ

ಇದಕ್ಕೆ ದೋಷ ಅನ್ನಬೇಕೋ ಬೇಡವೋ. ಬಿಸಿಲು ಗಾಜು ದಾಟಿ ಒಳಗೆ ಬರುತ್ತದೆ, ಕಾದ ನೆಲದ ಶಾಖ ಹಾಗೆ ಹೊರಗೆ ಹೋಗಲಾರದು. ಒಳಗಿನ ಪರದೆಗಿಂತ ಹೊರಗಿನ ನೆರಳು ಮೇಲು. ಒಳಗಿನ ಪರದೆಯನ್ನು ಬಿಸಿಲು ಮುಟ್ಟುವ ಹೊತ್ತಿಗೆ ಶಾಖ ಆಗಲೇ ಒಳಗೆ ಬಂದಾಗಿರುತ್ತದೆ. ಕೆಳಗೊಂದು ಕಿಟಕಿ, ಮೇಲೊಂದು ವೆಂಟ್ ಒಟ್ಟಿಗೆ ತೆಗೆದರೆ ಬಿಸಿಗಾಳಿ ತಾನಾಗಿ ಮೇಲೆ ಹೋಗುತ್ತದೆ. ಅಮ್ಮನಿಗೆ ಮಾತ್ರ ಈ ದೋಷ ಬಹಳ ಇಷ್ಟ. ಅವರು ಮತ್ತೊಮ್ಮೆ ಬಂದದ್ದು ಜುಲೈನಲ್ಲಿ, ಎರಡೇ ದಿನದಲ್ಲಿ ಸಂಡಿಗೆ ಗರಿಗರಿಯಾಗಿ ಒಣಗಿತು. ಕಾಗೆ ಕಾಯುವ ಕೆಲಸವೂ ಇಲ್ಲ.

ಕರಿಬೇವು ಯಾಕೆ ಎಲೆ ಉದುರಿಸಿತು

ಇಲ್ಲಿನ ಕನ್ನಡದ ಮನೆಗಳಲ್ಲಿ ಕನ್ಸರ್ವೇಟರಿಯ ಬಗ್ಗೆ ಜಾಸ್ತಿ ಬರುವ ದೂರು ಇದೇ ಇರಬೇಕು. ಬೇಸಿಗೆಯಲ್ಲಿ ಸೊಂಪಾಗಿದ್ದ ಗಿಡ ಡಿಸೆಂಬರಿಗೆ ಬರಿ ಕಡ್ಡಿ.

ಗಿಡ ಸತ್ತಿತು ಅಂತ ಎಸೆಯಬೇಡಿ. ಕಾಂಡವನ್ನು ಉಗುರಿನಿಂದ ಕೆರೆಯಿರಿ. ಒಳಗೆ ಹಸಿರಿದ್ದರೆ ಚಳಿಗೆ ಮಲಗಿದೆ ಅಷ್ಟೇ. ಬುಡ ಕಪ್ಪಾಗಿ ಮೆತ್ತಗಾಗಿದ್ದು ಮಣ್ಣು ಒದ್ದೆಯಿದ್ದರೆ ಬೇರು ಕೊಳೆತಿದೆ, ಅದಕ್ಕೆ ಕಾರಣ ನಮ್ಮ ಪ್ರೀತಿ. ಚಳಿಗಾಲದಲ್ಲಿ ಗಿಡ ನೀರು ಕುಡಿಯುವುದೇ ಇಲ್ಲ ಅನ್ನಬೇಕು. ಮೇಲ್ಮಣ್ಣು ಚೆನ್ನಾಗಿ ಒಣಗಿದ ಮೇಲೆ ಒಂದು ಲೋಟ, ಅದೂ ಬೆಳಿಗ್ಗೆ ಹೊತ್ತು. ಉಳಿದ ಎಲೆ ಅಂಟು ಅಂಟಾಗಿದ್ದರೆ ಎಲೆಯ ಹಿಂಬದಿಯ ನಡುನರ ನೋಡಿ. ಕಂದು ಚುಕ್ಕಿಗಳಂತೆ ಕೂತಿರುವುದು ಶಲ್ಕ ಕೀಟ. ಒದ್ದೆ ಬಟ್ಟೆಯಿಂದ ಒರೆಸಿ.

ನಮ್ಮ ಗಿಡದ ರೋಗ ನನಗೆ ತಿಳಿದದ್ದು ಕನಿಷ್ಠ–ಗರಿಷ್ಠ ಥರ್ಮಾಮೀಟರಿನಿಂದ. ಮಧ್ಯಾಹ್ನ 18 ಡಿಗ್ರಿ ಇದೆ, ಗಿಡ ಬೆಚ್ಚಗಿದೆ ಅಂದುಕೊಂಡಿದ್ದೆ. ಕುಂಡದ ಎತ್ತರದಲ್ಲಿ ಇಟ್ಟು ನೋಡಿದರೆ ರಾತ್ರಿಯ ಕನಿಷ್ಠ 3. ಹೊರಗೆ ಆ ರಾತ್ರಿ 1 ಇತ್ತು. ಹೀಟರ್ ಇಲ್ಲದ ಗಾಜಿನ ಕೋಣೆ ರಾತ್ರಿ ಕೊಡುವ ಲಾಭ ಅಷ್ಟೇ, ಒಂದೆರಡು ಡಿಗ್ರಿ. ರಾತ್ರಿಯ ಕನಿಷ್ಠ 10ರ ಹತ್ತಿರ ಇಳಿಯತೊಡಗಿದ ಕೂಡಲೇ ಕರಿಬೇವನ್ನು ಮನೆಯೊಳಗೆ ತನ್ನಿ. ದುಂಡುಮಲ್ಲಿಗೆಯನ್ನೂ ತುಳಸಿಯನ್ನೂ ಜೊತೆಗೇ ತನ್ನಿ. ಮೇಯರ್ ನಿಂಬೆ 5 ಡಿಗ್ರಿವರೆಗೆ ತಾಳುತ್ತದೆ, ಅದನ್ನು ಅಲ್ಲೇ ಬಿಟ್ಟು, ಅದಕ್ಕೂ ಕೆಳಗಿಳಿಯುವ ರಾತ್ರಿಗಳಲ್ಲಿ ಮಾತ್ರ ಒಳಗೆ ಎಳೆಯುತ್ತೇನೆ. ಯಾವ ಎಲೆಯೂ ಗಾಜಿಗೆ ತಾಗದಿರಲಿ. ತಾಗಿದ ಎಲೆ ಮೊದಲು ಕಪ್ಪಾಗುತ್ತದೆ, ಆಮೇಲೆ ಬೂದು ಬೂಸ್ಟು ಹಿಡಿದು ಪಕ್ಕದ್ದಕ್ಕೂ ಹಬ್ಬುತ್ತದೆ.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಇನ್ನೂ ಬಗೆಹರಿಯದ ಒಂದು ಸಾಲಿದೆ. ಪೂರ್ವದ ಗಾಳಿಗೆ ಮಳೆ ಬಂದಾಗ ಮಾತ್ರ ಬಾಗಿಲ ಮೇಲಿನ ಎಡಮೂಲೆಯಿಂದ ಗಂಟೆಗೆ ಮೂರೋ ನಾಲ್ಕೋ ಹನಿ. ಚಾವಣಿ ಪಟ್ಟಿಯ ತುದಿಯ ಕ್ಯಾಪ್ ಮೇಲೆ ಅನುಮಾನ ಇದೆ. ಪೈಪ್ ಪರೀಕ್ಷೆಗೆ ಒಣ ದಿನ ಸಿಗುವವರೆಗೆ ಅಲ್ಲೊಂದು ಸ್ಟೀಲ್ ಪಾತ್ರೆ ಇಟ್ಟಿದ್ದೇನೆ.